ಚೆಂಡುಹೂವಿನ ಕೆಳಗಿದ್ದ ಗನ್ನು

ಮೊನ್ನೆ ಮಗಳ ಲಂಗದ ಅಂಚು ಹೊಲಿಯೋಣವೆಂದು ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಟ್ಟೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಎಣ್ಣೆ ಡಬ್ಬಿ ದೂರ ಸರಿಸಿದೆ. ಅಮೆರಿಕದ ಸನ್ನಿವೇಲ್‌ನ ಹಳೇ ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆಯಲ್ಲಿದ್ದ ಆಂಟಿ ನೆನಪಾದರು. ಬೇಡ ಬೇಡವೆಂದರೂ ಜೊತೆಗೆ ಅವರ ಗಂಡ, ಆತನ ಗನ್ನು...

ಮಂಡ್ಯ ಕಡೆಯ ಆಂಟಿ. ನಾನು ಆಫೀಸಿನಿಂದ ಬರುವವರೆಗೆ ಮಗಳು ಅವರ ಮಡಿಲಲ್ಲೇ ಬೆಳೆದಳು. ಶನಿವಾರ ನಾನೂ ಆಂಟಿಯೂ ಕಮ್ಯುನಿಟಿ ಸೆಂಟರಿನ ಸೆಲ್ಫ್ ಡಿಫೆನ್ಸ್ ಕ್ಲಾಸಿಗೆ ಹೋಗುತ್ತಿದ್ದೆವು. ಸುತ್ತ ಗಮನವಿಡಿ, ಅಪಾಯ ಕಂಡರೆ ಮೊದಲು ಜಾಗ ಬಿಡಿ, ಬಿಡಲಾಗದಿದ್ದರೆ ಕೂಗಿ, ಎಂದು ಕಲಿಸುತ್ತಿದ್ದರು ಅಲ್ಲಿ. ಮೊದಲ ದಿನ ದುಪಟ್ಟಾ ಬಾಯಿಗೆ ಹಿಡಿದು ನಕ್ಕಿದ್ದ ಆಂಟಿ ಆಮೇಲೆ ಗೋಡೆ ಅದುರುವ ಹಾಗೆ ಕೂಗುತ್ತಿದ್ದರು.

ಅಂಕಲ್ಲಿಗೆ ಇದೆಲ್ಲ ತಮಾಷೆ. "ಕೂಗಿದ್ರೆ ಓಡೋಗಕ್ಕೆ ಕಳ್ಳ ಏನು ಕಾಗೇನಾ?" ಎಂದು ಹಲ್ಲು ಕಿರಿಯುತ್ತಿದ್ದರು. ಗನ್ನು ಜೊತೆಗಿಟ್ಟುಕೊಂಡು ಓಡಾಡುವ ಪರ್ಮಿಟ್ಟು ಸಿಕ್ಕಿದ ಮೇಲಂತೂ ಕೇಳಲೇಬೇಡಿ. ಜುಬ್ಬದ ಅಡಿಯಲ್ಲಿ ಗನ್ನು ಸಿಗಿಸಿಕೊಂಡೇ ಗ್ರೋಸರಿಗೆ, ನಾಮಕರಣಕ್ಕೆ... ಥೂ! ಊಟಕ್ಕೆ ಕೂತಾಗಲೂ ಸೊಂಟ ಮುಟ್ಟಿ ನೋಡಿಕೊಳ್ಳುವುದನ್ನು ಕಂಡರೆ ನನಗೆ ತುತ್ತು ಇಳಿಯುತ್ತಿರಲಿಲ್ಲ. ಪರ್ಮಿಟ್ಟಿಗೆ ಕಲಿತದ್ದೇ ಕೊನೆ, ಮತ್ತೆ ಅಭ್ಯಾಸಕ್ಕೆ ಹೋದವರಲ್ಲ. ಎಣ್ಣೆ ಹಾಕಿ ಒರೆಸುವುದೊಂದು ತಪ್ಪುತ್ತಿರಲಿಲ್ಲ.

ಒಂದು ಸಂಜೆ ದೇವಸ್ಥಾನದ ಪಾರ್ಕಿಂಗಿನಲ್ಲಿ ಆಂಟಿಯ ಸರಕ್ಕೆ ಯಾರೋ ಒಬ್ಬ ಕೈ ಹಾಕಲು ಬಂದ. ಅವನು ಹಿಂಬಾಲಿಸುವುದನ್ನು ಆಂಟಿ ಮೊದಲೇ ಗಮನಿಸಿದ್ದರು. ತಿರುಗಿ ನಿಂತು ಕೂಗಿದ ರಭಸಕ್ಕೆ ಆಸಾಮಿ ಪರಾರಿ. ಪಕ್ಕದಲ್ಲೇ ಇದ್ದ ಅಂಕಲ್ಲು ಫೋನಿನಲ್ಲಿ ಮುಳುಗಿದ್ದರು. ಆಮೇಲೆ ಎಲ್ಲರ ಮುಂದೆ ಅಂದದ್ದೇನು ಗೊತ್ತೇ? "ನನ್ ಸೊಂಟದಲ್ಲಿ ಗನ್ ಇತ್ತಲ್ಲ, ಅದಕ್ಕೇ ಓಡ್ದ." ಬಚ್ಚಿಟ್ಟುಕೊಂಡದ್ದು ಅವನಿಗೆ ಹೇಗೆ ಕಂಡಿತೋ, ಆ ದೇವರೇ ಬಲ್ಲ.

ಆ ವರ್ಷ ಆಯುಧಪೂಜೆಗೆ ಕರೆದಿದ್ದರು. ದೇವರ ಮುಂದೆ ಲ್ಯಾಪ್‌ಟಾಪು, ಕಾರಿನ ಕೀ, ಈಳಿಗೆಮಣೆ. ನಡುವೆ ಕುಂಕುಮ ಹಚ್ಚಿಸಿಕೊಂಡು, ಚೆಂಡುಹೂವಿನ ಕೆಳಗೆ ಆ ಗನ್ನು. ಎಣ್ಣೆಯ ವಾಸನೆ ಊದುಬತ್ತಿಯನ್ನೂ ಮೀರಿಸಿತ್ತು. ಮಗಳು ಹೂವಿಗೆ ಕೈ ಚಾಚಿದಳು. ನಾನು ಏಳುವಷ್ಟರಲ್ಲಿ ಆಂಟಿ ಅವಳನ್ನು ಎಳೆದು ಅಪ್ಪಿಕೊಂಡಿದ್ದರು.

"ಗುಂಡು ತೆಗ್ದಿದ್ದೀರಾ ಅಂಕಲ್?" ಅಂದೆ.

"ಗುಂಡಿಲ್ದಿದ್ರೆ ಅದು ಆಯುಧ ಹೆಂಗಾಯ್ತದಮ್ಮ?"

ಒಳಗಿಡಿ ಎಂದು ಗೋಗರೆದೆ. ಪೂಜೆಗಿಟ್ಟದ್ದನ್ನು ನಾಳೆಯವರೆಗೆ ಮುಟ್ಟಬಾರದಂತೆ! ಶಾಸ್ತ್ರವಂತೆ! ಮಗುವಿನ ಜೀವಕ್ಕಿಂತ ದೊಡ್ಡ ಶಾಸ್ತ್ರ. ಇಂಥವರ ಮನೆಯ ನೀರೂ ಬೇಡ ಅನ್ನಿಸಿ ಚಪ್ಪಲಿ ಮೆಟ್ಟಿದೆ.

ಆಂಟಿ ಬಾಗಿಲವರೆಗೆ ಬಂದರು. ಮಗಳ ತಲೆ ಸವರಿ, ನನಗಷ್ಟೇ ಕೇಳುವ ಹಾಗೆ ಅಂದರು: "ಇನ್ಮೇಲೆ ಮಗೀನ ಇಲ್ಲಿಗೆ ಕಳಿಸ್ಬೇಡ ಕಣವ್ವ."

"ನೀವೂ ಬನ್ನಿ ಆಂಟಿ, ನಮ್ಮನೇಲೇ ಇರಿ," ಅಂದೆ. ಅವರು ಮಗಳ ಕೈಯನ್ನು ನನ್ನ ಕೈಗೆ ಕೊಟ್ಟರು...

ಮಗಳನ್ನು ಡೇಕೇರಿಗೆ ಸೇರಿಸಿದೆ. ಕೆಲವೇ ತಿಂಗಳಲ್ಲಿ ಅವರು ಮನೆ ಖಾಲಿ ಮಾಡಿದರು. ಆಂಟಿಯ ಫೋನು ಬದಲಾಯಿತು, ಹೊಸ ನಂಬರು ನನಗೆ ಸಿಗಲಿಲ್ಲ.

ಮೊನ್ನೆ ಮಿಷನ್ ಮುಂದೆ ಸುಮ್ಮನೆ ಕೂತಿದ್ದವಳನ್ನು ನೋಡಿ ಮಗಳು, "ವಾಟ್ ಹ್ಯಾಪನ್ಡ್, ಅಮ್ಮಾ?" ಅಂದಳು. ಏನೂ ಇಲ್ಲ ಅಂದೆ. ಅಪಾಯ ಕಂಡರೆ ಜಾಗ ಬಿಡಬೇಕೆಂದು ಆಂಟಿಯೂ ನನ್ನ ಜೊತೆಗೇ ಕಲಿತಿದ್ದರು. ಅವತ್ತು ನನ್ನನ್ನೂ ಮಗಳನ್ನೂ ಆಚೆ ಕಳಿಸಿ, ತಾವು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.