ಕೊರಳಿಂದ ತೆಗೆದ ಕರಡಿಗೆ

ಮಾರ್ಕಂಡ, ಅವತ್ತು ಲಿಂಗದ ಕರಡಿಗೆಯನ್ನು ನಿನ್ನ ಕೈಗೆ ಕೊಟ್ಟವನು ನಾನೇ. ಅಪ್ಪನ ಮುಂದೆ ಕೊಟ್ಟಿಲ್ಲ ಎಂದೆ. ಸುಳ್ಳು ಹೇಳಿದೆ. ಏಳು ವರ್ಷವಾಯಿತು, ನಮ್ಮ ಮನೆಯಲ್ಲಿ ನೀನು ಕಳ್ಳನಾಗಿಯೇ ಉಳಿದೆ.

ಸುತ್ತಿ ಬಳಸಿ ಬರೆಯಲು ನನಗೆ ಬರುವುದಿಲ್ಲ. ಓದಿದ್ದು ಪಿಯುಸಿ, ಅದೂ ಫೇಲು. ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ. ಇದನ್ನು ಬೇರೆಯವರೂ ಓದಲಿ.

ನಿಮ್ಮಪ್ಪ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದರು. ನೀನು ಪಿಯುಸಿ ಓದಲು ಚಳ್ಳಕೆರೆಗೆ, ನನ್ನ ಕ್ಲಾಸಿಗೇ ಬಂದೆ. ನಮ್ಮ ಕಡಲೆಕಾಯಿ ಮಂಡಿಯ ಹಿಂದಿನ ಕೋಣೆಯನ್ನು ಅಪ್ಪ ನಿನಗೆ ಬಿಟ್ಟುಕೊಟ್ಟ. ಬಾಡಿಗೆ ಬೇಡ, ನಮ್ಮ ಹುಡುಗನಿಗೆ ಜೀವಶಾಸ್ತ್ರ ಹೇಳಿಕೊಡು ಎಂದ. ನಾನು ಡಾಕ್ಟರಾಗಬೇಕು ಎಂಬುದು ಅಪ್ಪನ ಆಸೆ. ನಿನಗೂ ಅದೇ ಆಸೆ, ಆದರೆ ನೀನು ಆಗಬಲ್ಲವನಾಗಿದ್ದೆ. ಮಗ್ಗದಲ್ಲಿ ಹರಿದ ಎಳೆ ಕಟ್ಟಿದ ಕೈ ನಿನ್ನದು. ಜಿರಲೆಯ ನರವನ್ನು ಸೂಜಿಯಿಂದ ತುಂಡಾಗದಂತೆ ಎತ್ತುತ್ತಿದ್ದೆ. ನಾನು ಕತ್ತರಿ ಹಿಡಿದರೆ ಜಿರಲೆಯೇ ಎರಡಾಗುತ್ತಿತ್ತು.

ಜಿರಲೆ ಹೋಗಲಿ. ಕಪ್ಪೆ — ಕಪ್ಪೆ ಎಂದರೆ ನನ್ನ ಬೆವರು ಇಳಿಯುತ್ತಿತ್ತು. ಹಿಟ್ಟಿನಲ್ಲಿ ಹುಳ ಕಂಡರೆ ಕಾಗದದ ಮೇಲೆತ್ತಿ ಹೊರಗೆ ಬಿಡುವ ಮನೆ ನಮ್ಮದು. ನನ್ನ ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಗುರುಗಳು ಕಟ್ಟಿದ ಲಿಂಗ. ಅದನ್ನು ಎದೆಯ ಮೇಲಿಟ್ಟುಕೊಂಡು ಜೀವ ಕೊಯ್ಯುವುದು ಹೇಗೆ? ತೆಗೆದರೆ ತಪ್ಪು. ಬೇರೆಯವರ ಕೈಗೆ ಕೊಟ್ಟರೆ ಅದಕ್ಕಿಂತ ದೊಡ್ಡ ತಪ್ಪು. ನಾನು ಎರಡನ್ನೂ ಮಾಡಿದೆ. ಪ್ರತಿ ಮಂಗಳವಾರ ಪ್ರಾಕ್ಟಿಕಲ್ ಶುರುವಾಗುವ ಮುಂಚೆ ಕರಡಿಗೆ ಕಳಚಿ ನಿನಗೆ ಕೊಡುತ್ತಿದ್ದೆ. ನೀನು ರೇಷ್ಮೆ ಸೀರೆಯ ತುಂಡಿನಲ್ಲಿ ಸುತ್ತಿ ಚೀಲದಲ್ಲಿಡುತ್ತಿದ್ದೆ, ನಿನ್ನ ಕೊಯ್ಯುವ ಕೈ ತಾಗದ ಹಾಗೆ.

“ಏನ್ಲೇ, ನಿಮ್ ದೇವ್ರಿಗೂ ಕಪ್ಪೆ ಕಂಡ್ರೆ ಹೆದ್ರಿಕೆನಾ?”

“ದೇವ್ರಿಗಲ್ಲಲೇ, ನಮ್ಮಪ್ಪಂಗೆ.”

ಇಬ್ಬರೂ ನಗುತ್ತಿದ್ದೆವು. ಆ ನಗು ನೆನೆದರೆ ಈಗಲೂ —

ಆ ಮಂಗಳವಾರ ಕ್ಲೋರೋಫಾರಂ ಸಾಲದೆ ಹೋಗಿತ್ತು. ಕಪ್ಪೆಯ ನಾಲ್ಕು ಕಾಲಿಗೂ ಗುಂಡುಸೂಜಿ ಚುಚ್ಚಿ ಹೊಟ್ಟೆಗೆ ಕತ್ತರಿ ಇಟ್ಟೆ. ಹಿಂದಿನ ಕಾಲು ಸೂಜಿಯನ್ನು ಕಿತ್ತುಕೊಂಡು ಬಂದು ನನ್ನ ಬೆರಳನ್ನು ಒದೆಯಿತು. ನಾನು ಓಡಿದೆ. ನಲ್ಲಿಯಲ್ಲಿ ಕೈ ತೊಳೆದೆ, ಮತ್ತೆ ತೊಳೆದೆ, ಸೀದಾ ಮನೆಗೆ ಹೋದೆ. ಸಂಜೆ ಪೂಜೆಗೆ ಕೂತಾಗ ಎದೆಗೆ ಕೈ ಹೋಯಿತು. ಬರೀ ಎದೆ.

“ಲಿಂಗ ಎಲ್ಲೋ?” ಎಂದ ಅಪ್ಪ.

“ಬೆಳಿಗ್ಗೆ ಇತ್ತಪ್ಪ...”

ಅವ್ವ ಅಳಲು ಶುರು ಮಾಡಿದಳು. “ಲಿಂಗ ಕಳ್ಕಂಡೋನು ಬದುಕಬಾರ್ದು ಅಂತಾರಲ್ಲೋ! ಏನ್ ಮಾಡ್ಕಂಡ್ ಬಂದ್ಯೋ!”

ಆಗಲೇ ನೀನು ಬಂದೆ. ಸೈಕಲ್ ತುಳಿದು ಏದುಸಿರು. ತಲೆಯೆಲ್ಲಾ ಒದ್ದೆ — ಕಪ್ಪೆ ಮುಟ್ಟಿದ ಮೈಯಲ್ಲಿ ತರಬಾರದೆಂದು ಸ್ನಾನ ಮಾಡಿ ಬಂದಿದ್ದೆ. ಅದು ನನಗೆ ಒಬ್ಬನಿಗೇ ಅರ್ಥವಾಯಿತು. ಎರಡೂ ಕೈಯಲ್ಲಿ ರೇಷ್ಮೆಯ ತುಂಡು, ಅದರಲ್ಲಿ ಕರಡಿಗೆ.

“ಇದು ನಿನ್ನತ್ರ ಹೆಂಗ್ ಬಂತೋ?” ಎಂದ ಅಪ್ಪ.

ನೀನು ನನ್ನನ್ನು ನೋಡಿದೆ. “ಸಿಕ್ತು ರೀ.”

“ಎಲ್ಲಿ ಸಿಕ್ತು?”

ಅಪ್ಪ ನನ್ನ ಕಡೆ ತಿರುಗಿದ. “ನೀನ್ ಕೊಟ್ಟಿದ್ದೇನೋ?”

ಹೂಂ ಅಂದಿದ್ದರೆ ಎರಡು ಏಟು ಬೀಳುತ್ತಿತ್ತು. ಪ್ರಾಯಶ್ಚಿತ್ತಕ್ಕೆ ಮಠಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಅಷ್ಟೇ. ಆದರೆ ಆಗ ಅದು ಅಷ್ಟೇ ಎಂದು ಕಾಣಲಿಲ್ಲ.

“ಇಲ್ಲಪ್ಪ. ನಾನ್ ಕೊಟ್ಟಿಲ್ಲ.”

ನೀನು ನಿಜ ಹೇಳಬಹುದಿತ್ತು. ಹೇಳಲಿಲ್ಲ. ನಾನೇ ಹೇಳುತ್ತೇನೆಂದು ಕಾಯುತ್ತಾ ನಿಂತೆ.

“ಬೆಳ್ಳಿ ಬೇಕಾಗಿತ್ತೇನಲೇ? ಕೊರಳಿಗೇ ಕೈ ಹಾಕ್ದೆಯಲ್ಲೋ!” ಎಂದ ಅಪ್ಪ. ನೀನು ಆಗಲೂ ನನ್ನನ್ನೇ ನೋಡುತ್ತಿದ್ದೆ.

ಮಾರನೆಯ ದಿನ ನಿಮ್ಮಪ್ಪ ಬಂದರು. ನಿನ್ನ ಹಾಸಿಗೆ ಸುತ್ತಿ ಹೆಗಲಿಗೆ ಹಾಕಿಕೊಂಡರು. “ದಾ ನಾಯ್ನಾ, ಪೋದಾಂ” ಎಂದರು. ಬಾ ಮಗಾ, ಹೋಗೋಣ ಎಂದು. ಅಷ್ಟು ತೆಲುಗು ನನಗೂ ಬರುತ್ತಿತ್ತು.

ಇಷ್ಟಕ್ಕೇ ನಿಂತಿದ್ದರೆ — ಇಲ್ಲ, ನಿಲ್ಲಲಿಲ್ಲ. ನಿನ್ನ ಪ್ರಾಕ್ಟಿಕಲ್ ರೆಕಾರ್ಡ್ ಕೋಣೆಯಲ್ಲೇ ಉಳಿದಿತ್ತು. ಎಲ್ಲ ಚಿತ್ರ ಬರೆದು, ಎಲ್ಲ ಪುಟಕ್ಕೂ ಸಹಿ ಹಾಕಿಸಿದ್ದೆ. ಅದಿಲ್ಲದೆ ಪರೀಕ್ಷೆಗೆ ಬಿಡುವುದಿಲ್ಲ. ನೀನು ಬಸ್ಸಿನ ಕಂಡಕ್ಟರ್ ಕೈಲಿ ಚೀಟಿ ಕಳಿಸಿದೆ. “ರೆಕಾರ್ಡ್ ಕಳಿಸು. ಬೇರೆ ಏನೂ ಬೇಡ.”

ಕಂಡಕ್ಟರ್ ದಿನಾ ಮಂಡಿಗೆ ಬಂದು ಕೇಳುತ್ತಿದ್ದ. “ಏನಪ್ಪಾ, ಆ ಹುಡುಗ ದಿನಾ ಬಸ್ ಕಾಯ್ತಾನೆ. ಕೊಟ್ರಾ ಅಂತಾನೆ. ಏನ್ ಹೇಳ್ಲಿ ನಾನು?”

“ಹುಡುಕ್ತಾ ಇದೀನಿ ಅನ್ರಿ.”

ಹುಡುಕುವುದೇನಿತ್ತು? ಖಾಲಿ ಗೋಣಿಚೀಲಗಳ ನಡುವೆ ನಾನೇ ಬಚ್ಚಿಟ್ಟಿದ್ದೆ. ಕಳ್ಳನಿಗೆ ಯಾಕೋ ಸಹಾಯ ಎಂದು ಅಪ್ಪ ಕೇಳಿದರೆ? ಒಂದು ಪ್ರಶ್ನೆಗೆ ಇನ್ನೊಂದು ಪ್ರಶ್ನೆ ಸೇರಿ ಎಲ್ಲ ಹೊರಗೆ ಬಂದರೆ? ಆ ಭಯಕ್ಕೆ ನಿನ್ನ ಪರೀಕ್ಷೆ ತಿಂದೆ.

ಪರೀಕ್ಷೆಯ ದಿನ ನಿನ್ನ ನಂಬರಿನ ಮುಂದೆ ಕಪ್ಪೆ ಇತ್ತು, ನೀನಿರಲಿಲ್ಲ. ನಾನು ಕರಡಿಗೆ ಕೊರಳಲ್ಲಿಟ್ಟುಕೊಂಡೇ ಕೊಯ್ದೆ. ಏನೂ ಆಗಲಿಲ್ಲ. ಆಕಾಶ ಬೀಳಲಿಲ್ಲ. ಹಾಗಾದರೆ ನಾನು ಹೆದರಿದ್ದು ಯಾವುದಕ್ಕೆ?

ಆಮೇಲೆ ನಾನು ಫೇಲಾದೆ, ಮಂಡಿಯಲ್ಲೇ ಕೂತೆ. ಮೊಳಕಾಲ್ಮೂರು ಬಸ್ಸು ಎದುರಿಗೇ ನಿಲ್ಲುತ್ತದೆ. ನಿಂತಾಗೆಲ್ಲ ಚೀಲಗಳ ಹಿಂದೆ ಹೋಗುತ್ತೇನೆ. ನೀನು ಮಗ್ಗದಲ್ಲಿ ಕೂತಿದ್ದೀಯ ಎಂದು ಯಾರೋ ಹೇಳಿದರು. ನಾನಾಗಿ ಯಾರನ್ನೂ ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದಲ್ಲ.

ಇವತ್ತು ಬೆಳಿಗ್ಗೆ ಪೂಜೆ ಮುಗಿದ ಮೇಲೆ ಅಪ್ಪನಿಗೆ ಹೇಳಿದೆ. ಎಲ್ಲ. ಮಂಗಳವಾರಗಳು, ಕಪ್ಪೆ, ರೆಕಾರ್ಡ್. ಮೀಸೆ ಬಂದವನು ಗೋಡೆಗೆ ಒತ್ತಿಕೊಂಡು ನಿಂತಿದ್ದೆ, ಹೊಡೆಯುತ್ತಾನೆ ಎಂದು.

ಅಪ್ಪ ಹೊಡೆಯಲಿಲ್ಲ. ಒಂದೇ ಮಾತು ಕೇಳಿದ.

“ಏನು ಆ ಹುಡುಗನ ಹೆಸ್ರು?”

ಮರೆತಿದ್ದ. ಏಳು ವರ್ಷ ಕಳ್ಳ ಕಳ್ಳ ಎಂದೇ ಅಂದು ಹೆಸರು ಹೋಗಿತ್ತು. ನಾನು ಹೇಳಿದೆ, “ಮಾರ್ಕಂಡ.” ಒಳಗೆ ಅವ್ವನ ಪಾತ್ರೆ ಸದ್ದು ನಿಂತಿತು.

ನಾಳೆ ಮೊದಲ ಬಸ್ಸಿಗೆ ರೆಕಾರ್ಡ್, ಈ ಕಾಗದ ಎರಡನ್ನೂ ಹಿಡಿದು ಬರುತ್ತೇನೆ. ಈಗ ಆ ರೆಕಾರ್ಡ್‌ನಿಂದ ನಿನಗೆ ಏನೂ ಆಗಬೇಕಿಲ್ಲ, ಗೊತ್ತು. ಭಯ ಹೋಗಿಲ್ಲ. ಅದನ್ನು ಇಟ್ಟುಕೊಂಡೇ ಬರುತ್ತೇನೆ.