ಐಸಿನ ಗೀರು ನೋಡುತ್ತಿದ್ದ ಉಸ್ಮಾನಾಕ

ಇಡೀ ಪಾಣೆಮಂಗಳೂರಿನಲ್ಲಿ ಐಸ್ ಹಾಕಿಯ ವಿಷಯಕ್ಕೆ ಜಗಳ ಕಾಯಬಲ್ಲವರು ಒಬ್ಬರೇ ಇದ್ದರು, ಚಪ್ಪಲಿ ಅಂಗಡಿಯ ಉಸ್ಮಾನಾಕ. ಪಕ್ಕದಲ್ಲೇ ನನ್ನ ಮೊಬೈಲ್ ಅಂಗಡಿ ಇದ್ದುದರಿಂದ ಎದುರಾಳಿಯಾಗುವ ಕರ್ಮ ನನ್ನದಾಯಿತು. ಅವರು ಸೆಕೆಗೆ ಬನಿಯನ್ನಿನಲ್ಲಿ ಕೂತು, ಬೆವರು ಒರೆಸುತ್ತಾ, ಫೋನಿನಲ್ಲಿ ರಷ್ಯಾದ ಪಂದ್ಯ ನೋಡುತ್ತಿದ್ದರು.

ಅಬುಧಾಬಿಯ ಐಸ್ ಅಂಗಣವೊಂದರಲ್ಲಿ ಇಪ್ಪತ್ತೆರಡು ವರ್ಷ ಐಸು ನುಣುಪು ಮಾಡುವ ಗಾಡಿ ಓಡಿಸಿದವರು ಅವರು. ಕೆನಡಾ, ಸ್ವೀಡನ್, ಜರ್ಮನಿಯ ಲೀಗುಗಳಲ್ಲಿ ಆಡಿ, ಆಮೇಲೆ ಅಲ್ಲಿಗೆ ಕೆಲಸಕ್ಕೆ ಬಂದವರೆಲ್ಲ ಸಂಜೆ ಒಟ್ಟಿಗೆ ಆಡುತ್ತಿದ್ದರಂತೆ. ಆಟ ಮುಗಿದ ಮೇಲೆ ಗಾಡಿ ಹತ್ತಿ ಅವರ ಸ್ಕೇಟುಗಳು ಐಸಿನ ಮೇಲೆ ಎಳೆದ ಗೀರುಗಳನ್ನು ಅಳಿಸುವುದು ಇವರ ಕೆಲಸ.

"ಗೋಲು ಲೆಕ್ಕ ಮಾಡ್ಬೇಡ ಮಾರಾಯ. ಜರ್ಮನಿಯಲ್ಲಿ ರಾಶಿ ಗೋಲು ಹೊಡೆದವ ಸ್ವೀಡನ್ನಿಗೆ ಹೋದ್ರೆ ಅರ್ಧ ಆಗ್ತಾನೆ, ಕೆನಡಾಕ್ಕೆ ಹೋದ್ರೆ ಕಾಣುವುದೇ ಇಲ್ಲ. ಗೀರು ನೋಡ್ಬೇಕು. ಸಣ್ಣ ಲೀಗಿನವ ತಿರುಗುವಾಗ ಐಸು ಅಗೆದು ಹಾಕ್ತಾನೆ. ದೊಡ್ಡ ಲೀಗಿನವನದ್ದು ಒಂದೇ ಗೆರೆ ಉಂಟು."

"ಹಾಗಾದ್ರೆ ಯಾರು ಮೇಲೆ?" ಎಂದು ನಾನು ಕೇಳಬೇಕು. "ಎಲ್ಲಿ ಆಡಿದ್ರೆ?" ಎಂದು ಅವರು ತಿರುಗಿ ಕೇಳಬೇಕು. ಒಂದು ದಿನವೂ ನೆಟ್ಟಗೆ ಉತ್ತರ ಕೊಟ್ಟ ಆಸಾಮಿಯಲ್ಲ. ತಲೆ ಚಚ್ಚಿಕೊಂಡು ನನ್ನ ಅಂಗಡಿಗೆ ವಾಪಸು ಬರುತ್ತಿದ್ದೆ.

ನಾನಾಗ ಕಬಡ್ಡಿ ರೈಡರ್. ಮುಂಡಾಜೆಯಿಂದ ಮೂಡುಬಿದಿರೆವರೆಗೆ ಮಣ್ಣಿನ ಅಂಕಣಗಳಲ್ಲಿ ನನ್ನ ಹೆಸರು ಮೈಕಿನಲ್ಲಿ ಮೊಳಗುತ್ತಿತ್ತು. ಆ ವರ್ಷ ಒಂದು ವೃತ್ತಿಪರ ತಂಡದ ಆಯ್ಕೆಗೆ ಕರೆ ಬಂತು. ಹೊರಡುವ ಮೊದಲು ಒಂದು ಒಳ್ಳೆಯ ಮಾತು ಕೇಳುವ ಆಸೆಯಿಂದ ಉಸ್ಮಾನಾಕರನ್ನು ಕಕ್ಕಿಂಜೆಯ ಪಂದ್ಯಕ್ಕೆ ಕರೆದುಕೊಂಡು ಹೋದೆ. ಗೆದ್ದೆವು. ಹುಡುಗರು ನನ್ನನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಿದ್ದರೆ, ಇವರು ಲುಂಗಿ ಎತ್ತಿ ಕಟ್ಟಿ, ನಾನು ಕೊನೆಯ ರೈಡ್ ಮಾಡಿದ ಜಾಗದಲ್ಲಿ ಬಗ್ಗಿ ನೆಲ ನೋಡುತ್ತಿದ್ದರು.

ವಾಪಸು ಬರುವಾಗ ಕಾರಿನಲ್ಲಿ, ನನ್ನ ಆಟ ಹೇಗಿತ್ತೆಂದು ನಾನೇ ಬಾಯಿಬಿಟ್ಟು ಕೇಳಿದೆ.

"ಆ ತಂಡದವರಿಗಿಂತ ನೀನು ಎರಡು ಮೆಟ್ಟಿಲು ಕೆಳಗೆ ಇದ್ದಿ" ಎಂದರು. "ತಿರುಗುವಾಗ ಒಂದು ಹೆಜ್ಜೆ ಜಾಸ್ತಿ ಇಡ್ತಿ. ತಕೊಂಡ್ರೂ ಒಂದು ವರ್ಷ ಬೆಂಚಲ್ಲಿ ಕೂರಿಸ್ತಾರೆ. ಹೋಗು, ಕೂತುಕೋ."

ಬೆಂಚು ಎಂಬಲ್ಲಿಗೇ ನನ್ನ ಕಿವಿ ಮುಚ್ಚಿತು. ನಮ್ಮ ಕಡೆ ಬದಲಿ ಆಟಗಾರ ಎಂದರೆ ಗೆಳೆಯರ ಚಪ್ಪಲಿ, ವಾಚು ಕಾಯುವವನು. ಅಷ್ಟೂ ಟ್ರೋಫಿ ಗೆದ್ದ ನಾನು ಹೋಗಿ ಅಲ್ಲಿ ಕೂರುವುದೇ? ಆಯ್ಕೆಗೆ ಹೋಗಲಿಲ್ಲ. ಉಸ್ಮಾನಾಕರ ಜೊತೆ ಮೂರು ತಿಂಗಳು ಮಾತೂ ಆಡಲಿಲ್ಲ.

ಕಕ್ಕಿಂಜೆಯಲ್ಲಿ ನನ್ನೆದುರು ಸೋತ ಬೆಳ್ತಂಗಡಿಯ ಹುಡುಗ ಹೋದ. ಒಂದು ವರ್ಷ ಕೂತ. ಮರುವರ್ಷ ಟಿ.ವಿ.ಯಲ್ಲಿ ಆಡಿದ. ನಾನು ಮೈಯೆಲ್ಲ ಉರಿದು ಚಪ್ಪಲಿ ಅಂಗಡಿಗೆ ನುಗ್ಗಿದೆ. "ನೀವು ಹೋಗ್ಬೇಡ ಹೇಳಿದ್ರಿಂದಲೇ ನಾನು ಹಾಳಾದದ್ದು!"

"ನಾನು ಹೋಗು ಹೇಳಿದ್ದು" ಎಂದರು, ಅಷ್ಟೇ. ಅವರು ಹೇಳಿದ್ದು ನಿಜವೆಂದು ನೆನಪಾಗಿ ನನಗೆ ಇನ್ನಷ್ಟು ಸಿಟ್ಟು ಬಂತು.

ಕಳೆದ ವರ್ಷ ಅವರು ಹಾಸಿಗೆ ಹಿಡಿದಾಗ ನೋಡಲು ಹೋದೆ. ದಿಂಬಿಗೆ ಒರಗಿಸಿದ್ದ ಫೋನಿನಲ್ಲಿ ಯಾವುದೋ ಪಂದ್ಯ ನಡೆಯುತ್ತಿತ್ತು. ವರ್ಷಗಳಿಂದ ಕೇಳಬೇಕೆಂದಿದ್ದುದನ್ನು ಕೇಳಿಯೇಬಿಟ್ಟೆ.

"ಉಸ್ಮಾನಾಕ, ಇವತ್ತಾದ್ರೂ ಸರಿಯಾಗಿ ಹೇಳಿ. ನಾನು ಹೋಗಿದ್ರೆ ಎಲ್ಲಿವರೆಗೆ ಏರ್ತಿದ್ದೆ?"

ಅವರು ಫೋನು ಕವುಚಿ ಹಾಕಿದರು.

"ಎಷ್ಟೋ ಲೀಗಿನವರನ್ನು ಹೋಲಿಸಿದ್ದೇನೆ. ಹೋಗದವನನ್ನು ಯಾರಿಗೆ ಹೋಲಿಸುವುದು ಮಾರಾಯ?"

ಆ ವಾರವೇ ತೀರಿಕೊಂಡರು. ಹೋಗುವ ಮನುಷ್ಯ ನನಗೋಸ್ಕರ ಒಂದು ಸುಳ್ಳು ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು?