ಮೂರನೇ ಸಾಲಿನ ಸಮಾಧಿ

ಜೆರಾಲ್ಡ್‌ನಷ್ಟು ಕಿರಿಕಿರಿಯ ಮನುಷ್ಯನನ್ನು ನಾನು ಬಹ್ರೇನಿನಲ್ಲಿ ಕಂಡಿಲ್ಲ. ಮೂವತ್ತೊಂದು ವರ್ಷ ಒಂದೇ ಶಿಪ್ಪಿಂಗ್ ಕಚೇರಿಯ ಫೈಲುಗಳನ್ನು ಕಾಯ್ದವನು. ಒಂದು ಕಾಗದ ಹಿಂದುಮುಂದಾದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಗುದೈಬಿಯಾ ಬಡಾವಣೆಯಲ್ಲಿ ನಾವಿಬ್ಬರೂ ಒಂದೇ ಕಟ್ಟಡದಲ್ಲಿದ್ದೆವು. ರಜೆಯ ಶುಕ್ರವಾರ ನಾವೆಲ್ಲ ಹೊದ್ದು ಮಲಗಿರುವಾಗ ಇವನು ಹಳೆಯ ಕ್ರೈಸ್ತ ಸ್ಮಶಾನಕ್ಕೆ ಹೋಗಿ, ಉಪ್ಪುಗಾಳಿಗೆ ಮಾಸಿದ ಹೆಸರುಗಳಿಗೆ ಕಪ್ಪು ಬಣ್ಣ ತುಂಬುತ್ತಿದ್ದ. ಬಿಟ್ಟಿ ಚಾಕರಿ. ಸತ್ತವರ ಮ್ಯಾನೇಜರ್ ಎಂದು ನಾನು ಛೇಡಿಸುತ್ತಿದ್ದೆ.

೨೦೦೭ರಲ್ಲಿ ಅಮೆರಿಕದ ಎಲೆನ್ ಎಂಬ ನಿವೃತ್ತ ಶಿಕ್ಷಕಿ ಅವನಿಗೆ ಇಮೇಲ್ ಬರೆದಳು. ಅವಳ ಮುತ್ತಜ್ಜಿ ಹ್ಯಾನಾ ಈ ದ್ವೀಪಕ್ಕೆ ಬಂದ ಮೊದಮೊದಲ ಅಮೆರಿಕನ್ನರಲ್ಲಿ ಒಬ್ಬಳು, ದಾದಿ. ೧೯೦೮ರ ಬೇಸಿಗೆಯಲ್ಲಿ ಜ್ವರ ಬಂದು ಇಲ್ಲೇ ತೀರಿಕೊಂಡಳು. ಗಂಡ ಸಣ್ಣ ಮಗನನ್ನು ಕಟ್ಟಿಕೊಂಡು ಊರಿಗೆ ಮರಳಿದ; ಆ ಮಗನ ಮೊಮ್ಮಗಳೇ ಎಲೆನ್. ಹ್ಯಾನಾಳ ಬದುಕು, ಸಂಸಾರ, ಸಮಾಧಿ ಹುಡುಕಿಕೊಡುವಿರಾ ಎಂದು ಕೇಳಿದ್ದಳು. ಜೆರಾಲ್ಡ್‌ಗೆ ಇದಕ್ಕಿಂತ ದೊಡ್ಡ ಹಬ್ಬ ಬೇಕೇ? ಎರಡು ವರ್ಷ ಹುಳು ತಿಂದ ರಿಜಿಸ್ಟರುಗಳನ್ನು ಜಾಲಾಡಿದ. ಅವಳು ಬಂದ ಹಡಗು, ಬಾಡಿಗೆಗಿದ್ದ ಮನೆ, ಕಲಿಯುತ್ತಿದ್ದ ಅರಬ್ಬಿ ಪಾಠ, ಎಲ್ಲವನ್ನೂ ಹೆಕ್ಕಿ ತೆಗೆದ. ಸಮಾಧಿಗಳ ಹಳೆಯ ನಕ್ಷೆ ಕೈಗೆ ಸಿಕ್ಕ ದಿನ ಖುಷಿಯಲ್ಲಿ ಸರಿಯಾಗಿ ನೋಡದೆಯೇ ಅದನ್ನು ಸ್ಕ್ಯಾನ್ ಮಾಡಿ ಕಳುಹಿಸಿಬಿಟ್ಟ.

ಎರಡೇ ದಿನಕ್ಕೆ ಉತ್ತರ ಬಂತು. ಮನೆಯಲ್ಲಿದ್ದ ಹಳೆಯ ಫೋಟೋ ಜೊತೆ ಎಲೆನ್ ನಕ್ಷೆಯನ್ನು ತಾಳೆ ನೋಡಿದ್ದಳು. ಮೂರನೇ ಸಾಲು, ಗೋಡೆಯ ಪಕ್ಕ, ಹೆಸರಿಲ್ಲದ ಸಮಾಧಿಯೇ ಹ್ಯಾನಾಳದು. ಅದನ್ನು ತೆರೆದು, ಎಲುಬುಗಳನ್ನು ಊರಿಗೊಯ್ದು ಮುತ್ತಜ್ಜನ ಮಗ್ಗುಲಲ್ಲಿ ಹೂಳಬೇಕು. ಅನುಮತಿಗೆ ಅರ್ಜಿ ಹಾಕಿಯಾಗಿದೆ ಎಂದು ಬರೆದಿದ್ದಳು.

ಅಂದಿನಿಂದ ಜೆರಾಲ್ಡ್ ಬಾಡಿಹೋದ. ಗಡ್ಡ ಬೋಳಿಸುವುದನ್ನು ಬಿಟ್ಟ. ಲಿಫ್ಟಿನಲ್ಲಿ ಎದುರಾದರೆ ಮುಖ ತಿರುಗಿಸುತ್ತಿದ್ದ. ಅನುಮತಿ ಬಂತೆಂದು ತಿಳಿದ ಸಂಜೆ ತಾನಾಗಿಯೇ ಬಂದು ನನ್ನ ಕಾರಿನಲ್ಲಿ ಕುಳಿತ.

"ಅದರಲ್ಲಿ ನಮ್ಮ ಮಗು ಉಂಟು ಮಾರಾಯ" ಎಂದ.

೧೯೮೧ರಲ್ಲಿ ಅವನ ಹೆಂಡತಿ ಕ್ಲೊಟಿಲ್ಡಾಗೆ ಹೆಣ್ಣು ಮಗು ಹುಟ್ಟುವಾಗಲೇ ಸತ್ತಿತ್ತಂತೆ. ಜ್ಞಾನಸ್ನಾನವಾಗದ ಮಗುವಿಗೆ ಪವಿತ್ರ ನೆಲದಲ್ಲಿ ಜಾಗ ಸಿಗುವುದಿಲ್ಲವೆಂದು ಹೆದರಿ, ಯಾರೂ ಕೇಳಿಕೊಂಡು ಬಾರದ ಸಮಾಧಿಯನ್ನೇ ಆರಿಸಿ, ಇವನು ಎರಡಡಿ ಅಗೆದು ಹೂತುಬಂದಿದ್ದ.

"ಪಾದ್ರಿಯವರನ್ನು ಒಂದು ಮಾತು ಕೇಳ್ಲಿಕ್ಕೆ ಆಗ್ಲಿಲ್ವ ನಿನಗೆ?" ಎಂದು ರೇಗಿದೆ.

"ನಮ್ಮ ಅಮ್ಮನ ಒಂದು ಮಗುವನ್ನು ಊರಲ್ಲಿ ಸ್ಮಶಾನದ ಗೋಡೆಯ ಹೊರಗೆ ಹುಗಿದದ್ದು ನಾನು ಕಣ್ಣಾರೆ ನೋಡಿದ್ದೇನೆ. ಕೇಳಿ, ಅವರು ಇಲ್ಲ ಅಂದ್ರೆ ಮತ್ತೆ ಎಂತ ಮಾಡುದು?"

ಈಗ ಪೊಲೀಸ್, ಜೈಲು, ಗಡೀಪಾರು. ಅದಕ್ಕಿಂತ ಹೆಚ್ಚಾಗಿ, ಮಗುವನ್ನು ಹೊರಗೆ ತೆಗೆದು ಎಲ್ಲಿ ಎಸೆಯುತ್ತಾರೋ ಎಂಬ ಭಯ. ನನ್ನ ಬಳಿ ಉಪಾಯವಿರಲಿಲ್ಲ. ಅವನ ಮೇಲೆ ಸಿಟ್ಟೂ ಬಂತು, ಅಳುವೂ ಬಂತು.

ಅಗೆಯುವ ಬೆಳಿಗ್ಗೆ ಎಲೆನ್‌ಳನ್ನು ನಾನೇ ಹೋಟೆಲಿನಿಂದ ಕರೆತಂದೆ. ಗಾಳಿಯೇ ಇರಲಿಲ್ಲ. ಅನುಮತಿ ಪತ್ರ ಹಿಡಿದ ಅಧಿಕಾರಿಯೊಬ್ಬ ನೆರಳಿಗೆ ನಿಂತಿದ್ದ. ಕ್ಲೊಟಿಲ್ಡಾಬಾಯಿ ಗೋಡೆಗೆ ಒರಗಿದ್ದರು. ಬರಬೇಡ ಎಂದು ಗಂಡ ಹೇಳಿದ್ದನ್ನು ಅವರು ಕೇಳಿರಲಿಲ್ಲ. ಗುದ್ದಲಿ ಇಳಿದ ಪ್ರತಿ ಸಲವೂ ಜೆರಾಲ್ಡ್ ಕಣ್ಣು ಮುಚ್ಚುತ್ತಿದ್ದ. ಎರಡಡಿ ಆಳಕ್ಕೆ ಬಂದಾಗ ಅಗೆಯುವವನು ಕೈ ನಿಲ್ಲಿಸಿ, ಬೆರಳಿನಲ್ಲಿ ಮಣ್ಣು ಸರಿಸಿದ. ಕೋಳಿಯದರಷ್ಟೇ ಸಣ್ಣ ಎಲುಬುಗಳು.

ಅಧಿಕಾರಿ ಬಗ್ಗಿ ನೋಡಿದ. ಜೆರಾಲ್ಡ್ ಅವನತ್ತ ಒಂದು ಹೆಜ್ಜೆ ಇಟ್ಟ. ಅಷ್ಟರಲ್ಲಿ ಎಲೆನ್ ಮಣ್ಣಿನಲ್ಲೇ ಮೊಣಕಾಲೂರಿ ಬಿಕ್ಕಿದಳು. "ಅವಳಿಗೆ ಇನ್ನೊಂದು ಮಗು ಇತ್ತು. ನಮಗೆ ಯಾರೂ ಹೇಳಿರಲಿಲ್ಲ" ಎಂದಳು.

ಅಧಿಕಾರಿ ತಲೆಯಾಡಿಸಿ ಹಿಂದೆ ಸರಿದ. ಕೆಳಗೆ ಹ್ಯಾನಾ ಸಿಕ್ಕಳು. ಎರಡು ಪೆಟ್ಟಿಗೆಗಳಾದವು. ಎಲೆನ್ ವಂಶವೃಕ್ಷದ ಪುಸ್ತಕ ತೆರೆದು, ಮಗುವಿಗೆ ಹೆಸರಿಲ್ಲವಲ್ಲ, ಶಿಶು ಎಂದಷ್ಟೇ ಬರೆಯುತ್ತೇನೆ ಎಂದಳು.

"ಹೆಸರುಂಟು" ಎಂದರು ಕ್ಲೊಟಿಲ್ಡಾಬಾಯಿ ತಮಗೆ ಬರುವ ಹರಕುಮುರುಕು ಇಂಗ್ಲಿಷಿನಲ್ಲಿ. "ಜೋಸೆಫಿನ್."

ಜೆರಾಲ್ಡ್ ಹೆಂಡತಿಯತ್ತ ತಿರುಗಿದ. ಇಪ್ಪತ್ತೆಂಟು ವರ್ಷಗಳಲ್ಲಿ ಆ ಹೆಸರನ್ನು ಅವನು ಒಮ್ಮೆಯೂ ಕೇಳಿರಲಿಲ್ಲವೆಂದು ಅವನ ಮುಖ ನೋಡಿದ ನನಗೆ ಗೊತ್ತಾಯಿತು.

"ರಿಜಿಸ್ಟರಿನಲ್ಲಿದೆಯೇ?" ಎಲೆನ್ ಕೇಳಿದ್ದು ಅವನನ್ನು.

"ಇದೆ, ಮೇಡಂ" ಎಂದ ಜೆರಾಲ್ಡ್.

ಅವಳು ಬರೆದುಕೊಂಡಳು. ಸಣ್ಣ ಪೆಟ್ಟಿಗೆಯನ್ನು ಎತ್ತಲು ನಾನು ಬಗ್ಗಿದೆ. ಕ್ಲೊಟಿಲ್ಡಾಬಾಯಿ ನನ್ನ ಕೈ ತಡೆದರು.

"ಕಾರಿನವರೆಗೆ ನಾನು ಎತ್ತಿಕೊಳ್ತೇನೆ. ಆವತ್ತು ಇವರು ನನ್ನ ಕೈಗೆ ಕೊಡ್ಲೇ ಇಲ್ಲ."